ಒಳಗೆ ಬಿಟ್ಟ ಬಟ್ಟೆ

ಪರದೇಶದವರು ಮನೆಗೆ ಬಂದರೆ
ಇಪ್ಪತ್ನಾಲ್ಕು ತಾಸಿನೊಳಗೆ ತಿಳಿಸಬೇಕಂತೆ.
ಎಸ್ಪಿ ಆಫೀಸಿನ ಬೆಂಚಿನ ಮೇಲೆ ಕೂತು
ಹೆಸರು, ತಂದೆಯ ಹೆಸರು, ಊರು ಜೋಂಬಾ, ದೇಶ ಮಲಾವಿ
ಎಲ್ಲ ತುಂಬಿದ ಮೇಲೆ ಒಂದು ಕಡೆ ಪೆನ್ನು ನಿಂತಿತು:
ಮನೆಯವರೊಂದಿಗೆ ಸಂಬಂಧ.

ತಮಾಂಡಾ ನನ್ನ ಮುಖ ನೋಡಿದಳು.
ನಾನು ಫ್ಯಾನು ನೋಡಿದೆ.
ನವಿಲೆಯ ಕಾಲೇಜಿನಲ್ಲಿ ಬೀಜದ ಓದು,
ಹಾಸ್ಟೆಲಿನಲ್ಲಿ ಜಾಗವಿಲ್ಲ,
ತಿಂಗಳಿಗೆ ಇಷ್ಟು ಎಂದು ಆದ ಮಾತು.
ಇದಕ್ಕೇನು ಹೆಸರು?
‘ಇಲ್ಲ ಅಂತ ಬರೀರಮ್ಮ, ಊಟದ ಹೊತ್ತಾಯ್ತು’
ಎಂದ ಪೇದೆ ನಾಗೇಂದ್ರಪ್ಪ.
ಬರೆದೆ.

ಗೋಪಾಳದ ನಮ್ಮ ಮನೆಯಲ್ಲಿ ಕೋಣೆ ಎರಡೂವರೆ.
ಆ ಅರೆಯಲ್ಲಿ ನನ್ನ ಮಿಷಿನ್ನು, ಲೈನಿಂಗಿನ ಥಾನು,
ಹುಕ್ಕು ಕಾಜಾ ಬಾಕಿಯಿದ್ದ ಮೂವತ್ತು ಬ್ಲೌಸು.
ಮಿಷಿನ್ನು ಹಾಲಿಗೆ ಎಳೆದು ಅವಳಿಗೆ ಮಂಚ ಹಾಕಿದೆವು.
ಆದರೂ ಗೋಡೆಯ ಮೊಳೆಗಳಲ್ಲಿ
ಯಾರ್ಯಾರದೋ ತೋಳು ತೂಗುತ್ತಿದ್ದವು.
ಮೊದಲ ರಾತ್ರಿ ಅವಳು ದೀಪ ಆರಿಸಲಿಲ್ಲ.

ಸುಳ್ಳು ಯಾಕೆ, ಸಲೀಸಾಗಿರಲಿಲ್ಲ.
ಅತ್ತೆ ಅವಳ ಲೋಟ ಬೇರೆ ಇಟ್ಟರು.
ನೋಡಿದೆ, ಸುಮ್ಮನಿದ್ದೆ.
ಅವಳ ತಲೆಸ್ನಾನಕ್ಕೆ ಗೀಸರು ಮುಕ್ಕಾಲು ತಾಸು;
ಕರೆಂಟ್ ಬಿಲ್ಲು ಬಂದ ದಿನ ನಾನೂ ಪಾತ್ರೆ ಕುಕ್ಕಿದೆ.
‘ಕತ್ತಲಲ್ಲಿ ಕಂಡರೆ ಹೆದರಿಕೆ ಆಗಲ್ವಾ?’
ಎದುರು ಮನೆಯ ಗಿರಿಜಮ್ಮ ಗೇಟಿನಲ್ಲಿ ನಿಂತು ಕೇಳಿದಳು.
‘ಆಗುತ್ತೆ, ನಿಮ್ಮ ನಾಯಿಗೆ’ ಎಂದರು
ಲೋಟ ಬೇರೆ ಇಟ್ಟ ಅದೇ ಅತ್ತೆ.

ನಾವು ಸಿಂಪಿಗರು. ಮನೆಯೊಳಗೆ ಮರಾಠಿ,
ಹೊಸಿಲು ದಾಟಿದರೆ ಕನ್ನಡ.
ಅವಳಿಗೆ ಹೊಸಿಲು ಕಾಣಿಸಲಿಲ್ಲ;
ಎರಡನ್ನೂ ಒಂದೇ ಎಂದು ಕಲಿತು
ಆಟೋದವನಿಗೆ ‘ಹಳೂ ಹಳೂ ಮಾರಾಯ’ ಎಂದಳಂತೆ.
ಅವನು ತಿರುಗಿ ತಿರುಗಿ ನೋಡಿ
ಸವಳಂಗ ರಸ್ತೆಯ ಹಂಪು ಹಾರಿಸಿದನಂತೆ.

ದಸರಾ ರಜೆಯಲ್ಲಿ ಅವರೂರಿಂದ ಬಂದವರ ಕೈಲಿ
ಅವಳ ಅಮ್ಮ ಒಂದು ಬಟ್ಟೆ ಕಳಿಸಿದಳು.
ನೀಲಿ ನೆಲ, ಹಳದಿ ಮೀನು,
ಗಂಜಿ ಇನ್ನೂ ಬಿಟ್ಟಿರದ ಹೊಸ ವಾಸನೆ.
‘ಚಿತೆಂಜೆ’ ಎಂದಳು.
‘ಚಿತೆಯೂ ಅಂತೀಯ, ಸಂಜೆಯೂ ಅಂತೀಯ,
ದೀಪ ಹಚ್ಚೋ ಹೊತ್ತಲ್ಲಿ ಎಂತ ಹೆಸರೇ ಅದು!’
ಬೈಯುತ್ತಲೇ ಅತ್ತೆ ಅಂಚು ಉಜ್ಜಿ ನೋಡಿದರು.
‘ನೂಲು ಗಟ್ಟಿ ಇದೆ.’
ನನ್ನ ತವರಿನ ಸೀರೆಗೂ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.

ಅಳತೆಗೆ ನಿಲ್ಲಿಸಿದೆ.
ಟೇಪು ಸುತ್ತಿದೊಡನೆ ಉಸಿರು ಬಿಗಿ ಹಿಡಿದಳು,
ಎಲ್ಲ ಹೆಂಗಸರೂ ಹಿಡಿಯುವ ಹಾಗೆ.
‘ಬಿಡು, ಸುಳ್ಳು ಅಳತೆ ಬರುತ್ತೆ.’
ಬಿಟ್ಟಳು. ಉಸಿರಿನ ಹಿಂದೆಯೇ ಅಳು ಬಂತು.
ಯಾಕೆಂದು ಕೇಳಲಿಲ್ಲ, ನನ್ನ ಬಾಯಲ್ಲಿ ಗುಂಡುಪಿನ್ನು.
ಭುಜ ಹದಿನಾಲ್ಕೂವರೆ. ಎದೆ ಮೂವತ್ತೆರಡು.
ಸೊಂಟ ಬರೆಯುವಾಗ ಕೈ ತಡೆಯಿತು:
ಬಂದಾಗ ಮೈಗೆ ಹಿಡಿದಿದ್ದ ಜೀನ್ಸಿಗೆ
ಈಗ ದಾರ ಕಟ್ಟಿಕೊಂಡಿದ್ದಳು.
ನಮ್ಮ ಮನೆಯ ಊಟದಲ್ಲಿ, ನನ್ನ ಕಣ್ಣೆದುರಿಗೆ.

ಆ ರಾತ್ರಿಯಿಂದ ಅನ್ನಕ್ಕೆ ಇನ್ನೊಂದು ಸೌಟು.
ಲೋಟಗಳು ಯಾವಾಗ ಬೆರೆತು ಹೋದವೋ
ಯಾರೂ ಲೆಕ್ಕ ಇಟ್ಟಿಲ್ಲ.

ಕತ್ತರಿ ಹಾಕುವ ಮೊದಲು ಅವಳಮ್ಮ ವಿಡಿಯೋದಲ್ಲಿ ಬಂದಳು.
ಇಲ್ಲಿ ದೀಪ, ಅಲ್ಲಿನ್ನೂ ಬಿಸಿಲು.
ಒಬ್ಬರ ಮಾತು ಒಬ್ಬರಿಗೆ ಒಂದೂ ಬಾರದು.
ಆಕೆ ತನ್ನ ಪಕ್ಕೆ ಹಿಡಿದು
ಎರಡು ಬೆರಳು ಅಗಲಿಸಿ ತೋರಿಸಿದಳು.
ತಲೆಯಾಡಿಸಿದೆ.
ಗಿರಾಕಿಗಳಿಗೆ ಒಳಗೆ ಮುಕ್ಕಾಲು ಇಂಚು ಬಿಡುತ್ತೇನೆ.
ಇವಳಿಗೆ ಒಂದೂವರೆ, ಎರಡೂ ಕಡೆ.

ಈ ವರ್ಷ ಮತ್ತೆ ಅದೇ ಆಫೀಸು.
ನಾಗೇಂದ್ರಪ್ಪನಿಗೆ ವರ್ಗವಾಗಿದೆ, ಫಾರಂ ಈಗ ಕಂಪ್ಯೂಟರಿನಲ್ಲಿ.
ಮೀನಿನ ಬ್ಲೌಸು ತೊಟ್ಟು ಕೂತಿದ್ದಳು, ಪಕ್ಕೆ ಸ್ವಲ್ಪ ಬಿಗಿ.
‘ಸಂಬಂಧ?’ ಎಂದ ಹುಡುಗ.
‘ಏನೇನಿದೆ ಓದಪ್ಪ’ ಎಂದೆ.
ಪಟ್ಟಿ ಪೂರ್ತಿ ಓದಿದ. ಯಾವುದೂ ಕೂರಲಿಲ್ಲ.
‘ಇತರೆ’ ಒತ್ತಿದ.

ಮನೆಗೆ ಬಂದು
ಪಕ್ಕೆಯ ಹೊಲಿಗೆ ಅರ್ಧ ಇಂಚು ಬಿಚ್ಚಿಕೊಟ್ಟೆ.
ಒಳಗೆ ಇನ್ನೂ ಬಟ್ಟೆ ಇದೆ.